ಮೂರು ಪ್ರಶ್ನೆಯ ಅಕ್ಕೋರು

ನನಗೆ ಹದಿನೇಳು ಜನರ ದನಿ ಬರುತ್ತದೆ. ಹದಿನೆಂಟು ಬರುತ್ತಿತ್ತು, ಒಂದನ್ನು ಬಿಟ್ಟು ಎರಡು ವರ್ಷ ಆಯಿತು. ಕುಮಟೆಯಿಂದ ಭಟ್ಕಳಕ್ಕೆ ಹೋಗುವ ಟೆಂಪೋದ ಕಂಡಕ್ಟರ್, "ಅಂದ್ರೆ ಎಂತ ಅಂದ್ರೆ" ಎಂದು ಶುರುಮಾಡಿ ಎಂತದೂ ಹೇಳದೆ ಮುಗಿಸುವ ನಮ್ಮ ಆಫೀಸಿನ ಮಾಲೀಕರಾದ ಧನಿ, ನೆಗಡಿಯಾದ ನಮ್ಮಪ್ಪ, ನೆಗಡಿ ಇಲ್ಲದ ನಮ್ಮಪ್ಪ, ಯಾರು ಬೇಕು ಹೇಳಿ. ಒಂದು ಚಾ ಕುಡಿಸಿದರೆ ಮಾಡಿ ತೋರಿಸುತ್ತೇನೆ. ಕುಡಿಸದಿದ್ದರೂ ಮಾಡುತ್ತೇನೆ, ಅದೇ ನನ್ನ ರೋಗ. ನನ್ನ ಸ್ವಂತ ದನಿ ಯಾವುದು ಅಂತ ನಮ್ಮಮ್ಮನಿಗೂ ಒಮ್ಮೊಮ್ಮೆ ಅನುಮಾನ.

ಬಿಟ್ಟ ಆ ಒಂದು ದನಿ ಅಕ್ಕೋರದ್ದು. ಅವರು ಹೋದ ತಿಂಗಳು ತೀರಿಕೊಂಡರು.

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅಂತಲೇ ಕರೆಯುವುದು. ಇವರಿಗೂ ಅಪ್ಪ ಅಮ್ಮ ಇಟ್ಟ ಚಂದದ ಹೆಸರೊಂದಿತ್ತು. ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಪೆನ್ನಿನ ಮುಚ್ಚಳದಿಂದ ಟಕ್ ಟಕ್ ಅಂತ ಎರಡು ಸಲ ಕುಟ್ಟಿ, "ಯಾರ ಹತ್ರ ಕೇಳಿ ಬರ್ದೆ?" ಅನ್ನುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಕುಮಟೆಯಲ್ಲಿ ಅವರು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಮನೆಯವರು ನನ್ನನ್ನು ಸೇರಿಸಿದರು. ದೇವಸ್ಥಾನಕ್ಕೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ತಣ್ಣಗೆ ಏಸಿ, ನಾಲ್ಕು ಕಂಪ್ಯೂಟರು, ನಾಲ್ಕಕ್ಕೂ ಹೂವಿನ ಬಟ್ಟೆಯ ಹೊದಿಕೆ. ಬಾಗಿಲಲ್ಲಿ ಅಕ್ಕೋರು. ಪ್ರತಿದಿನ, ಪ್ರತಿಯೊಬ್ಬರಿಗೂ, ಅವೇ ಮೂರು ಪ್ರಶ್ನೆ.

"ಯಾರಾ ಅದು?"

"ಎಂತಕ್ಕೆ ಬಂದೆ?"

"ಯಾರ ಹತ್ರ ಕೇಳಿ ಬಂದೆ?"

ಹೆಸರು ಹೇಳಬೇಕು, ಇವತ್ತು ಏನು ಕಲಿಯಲು ಬಂದೆ ಹೇಳಬೇಕು, ಯಾವ ಕಂಪ್ಯೂಟರಿನ ಮುಂದೆ ಕೂರಲು ಯಾರು ಹೇಳಿದ್ದು ಅದನ್ನೂ ಹೇಳಬೇಕು. ಮೂರಕ್ಕೂ ಉತ್ತರ ಬಂದ ಮೇಲೆ ಬಾಗಿಲಿಗೆ ಅಡ್ಡ ಇಟ್ಟ ಕೈ ಇಳಿಯುತ್ತಿತ್ತು. ಒಮ್ಮೆ ಕ್ಲಾಸಿನ ಕಟ್ಟಡದ ಮಾಲೀಕನೇ ಬಂದಾಗಲೂ ಆ ಕೈ ಇಳಿಯಲಿಲ್ಲ. ಆತ ಬಂದದ್ದು ನೀರಿನ ಪೈಪು ನೋಡಲಿಕ್ಕೆ, ಪಾಪ. ಎರಡನೆಯ ಪ್ರಶ್ನೆಯಲ್ಲೇ ಸಿಟ್ಟು ಬಂದು ಹೋದ.

ಎರಡನೇ ದಿನವೇ ನಾನು ನನ್ನ ರೋಗ ತೋರಿಸಿದೆ. ಅವರು "ಯಾರಾ ಅದು?" ಎಂದರು. ಅರ್ಧ ಮೂಗು ಅರ್ಧ ಗಂಟಲಿನ ಅವರದೇ ದಪ್ಪ ದನಿಯಲ್ಲಿ ನಾನೂ "ಯಾರಾ ಅದು?" ಎಂದೆ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಅಕ್ಕೋರೂ ನಕ್ಕರು. ಆಮೇಲೆ ಬಾಗಿಲ ಚೌಕಟ್ಟಿಗೆ ಟಕ್ ಟಕ್. "ಚೊಲೋ ಮಾಡ್ತೆ ತಮಾ. ಆದ್ರೆ ಉತ್ತರ ಬರ್ಲಿಲ್ಲ. ಹೊರ್ಗೆ ನಿಂತ್ಕ." ಒಂದು ತಾಸು ಚಪ್ಪಲಿಗಳ ಜೊತೆ ನಿಂತೆ.

ಅವರು ಕಲಿಸಿದ ಮೊದಲ ದೊಡ್ಡ ಪಾಠ ಬಂಗಡೆ ಮೀನಿನದು. ವಯಸ್ಸು ಕೇಳಿ, ಇನ್ನು ಇಷ್ಟು ವರ್ಷಕ್ಕೆ ನಿಮಗೆ ಮತ ಹಾಕುವ ಹಕ್ಕು ಬರುತ್ತದೆ ಎಂದು ಹೇಳುವ ಪ್ರೋಗ್ರಾಂ ಬರೆಯಲು ಹೇಳಿದ್ದರು. ನಮ್ಮದೆಲ್ಲ ಮುಗಿಯಿತು. ಅಕ್ಕೋರು ಒಬ್ಬೊಬ್ಬರ ಕಂಪ್ಯೂಟರಿನ ಮುಂದೆ ಕೂತು, ವಯಸ್ಸಿನ ಜಾಗದಲ್ಲಿ "ಬಂಗಡೆ" ಅಂತ ಒತ್ತಿದರು. ಒಬ್ಬನದು ಕೆಟ್ಟು ನಿಂತಿತು. ಒಬ್ಬಳದು ಸೊನ್ನೆ ಅಂದಿತು. ನನ್ನದು ಮಾತ್ರ ಬಂಗಡೆಗೆ ಕೂಡಲೇ ಮತದ ಹಕ್ಕು ಕೊಟ್ಟಿತು.

"ಬರೂರೆಲ್ಲ ಕೇಳಿದ್ದನ್ನೇ ಹೇಳ್ತ್ರು ಅಂತ ತಿಳ್ಕಂಡ್ಯಾ?" ಎಂದರು. "ಮೀನು ಬಂದ್ರೆ ಮೀನಿಗೂ ಕುರ್ಚಿ ಹಾಕ್ತ್ಯಾ?"

ಇಷ್ಟಾಗಿ ಅವರ ಟಿಫಿನ್ ಡಬ್ಬಿಯಲ್ಲಿ ದಿನಾ ಒಣಸೀಗಡಿ ಚಟ್ನಿ. ಏಸಿ ಕೋಣೆಯಲ್ಲಿ ವಾಸನೆ ಸಂಜೆಯವರೆಗೂ ಕದಲುತ್ತಿರಲಿಲ್ಲ. ಆ ಮೀನಿಗೆ ಯಾರೂ ಪ್ರಶ್ನೆ ಕೇಳುವ ಹಾಗಿರಲಿಲ್ಲ.

ಆರೇಳು ವರ್ಷದ ಮೇಲೆ ನಾವಿಬ್ಬರೂ ಹೊನ್ನಾವರದ ಒಂದು ಸಣ್ಣ ಆಫೀಸಿನಲ್ಲಿ ಜೊತೆಗೆ ಬಿದ್ದೆವು. ಮೆಡಿಕಲ್ ಅಂಗಡಿಯ ಮಾಳಿಗೆ. ಅಂಗಡಿಗಳಿಗೆ, ಲಾಡ್ಜುಗಳಿಗೆ ವೆಬ್‌ಸೈಟು ಮಾಡಿಕೊಡುವ ಕೆಲಸ. ಅಕ್ಕೋರು ಮುಖ್ಯಸ್ಥೆ, ನಾನು ಕೈಕೆಳಗಿನವ, ಮೇಲೆ ಅಂದ್ರೆ-ಎಂತ-ಅಂದ್ರೆ ಧನಿ. ನಮ್ಮ ವೆಬ್‌ಸೈಟುಗಳಿದ್ದ ಸರ್ವರು ಕುಮಟೆಯ ಒಬ್ಬ ಕೊಂಕಣಿ ಮಾಮನ ಸುಪರ್ದಿಯಲ್ಲಿತ್ತು. ನಾವು ಈಮೇಲಿನಲ್ಲಿ ಕಳಿಸಿದ್ದನ್ನು ಸರ್ವರಿಗೆ ಏರಿಸುವವರು ಅವರು. ಅಕ್ಕೋರು ಹಾಕಿದ ನಿಯಮ: ತಾನು ಖುದ್ದು ಫೋನಿನಲ್ಲಿ ಹೇಳಿದರೆ ಮಾತ್ರ ಏರಿಸಬೇಕು.

ಒಂದು ದಿನ ಊಟದ ಹೊತ್ತಿಗೆ, ಕಳಿಸಿದ್ದನ್ನು ಏರಿಸಲೋ ಅಂತ ಕೇಳಲು ಮಾಮನ ಫೋನು ಬಂತು. ಅಕ್ಕೋರ ಬಾಯ್ತುಂಬ ಚಟ್ನಿ ಅನ್ನ. ಕಣ್ಣಿನಲ್ಲೇ ನನಗೆ ಸನ್ನೆ ಮಾಡಿದರು. ನಾನು ರಿಸೀವರ್ ಎತ್ತಿ ಅವರ ದನಿಯಲ್ಲೇ, "ಹಾಂ, ನಾನೇ. ಹಾಕ್ಬಿಡಿ" ಎಂದೆ. ಮಾಮ ಹಾಕಿಬಿಟ್ಟರು. ಅಕ್ಕೋರಿಗೆ ನಗು ತಡೆಯದೆ ಅನ್ನ ನೆತ್ತಿಗೇರಿ, ನಾನು ಬೆನ್ನು ತಟ್ಟಿ ನೀರು ಕುಡಿಸಬೇಕಾಯಿತು. "ಇನ್ನು ಮುಂದೆ ನಾನು ಎಂತಕ್ಕೆ, ನೀನೇ ಸಾಕು" ಎಂದರು. ಆ ವರ್ಷದ ನಮ್ಮ ದೊಡ್ಡ ತಮಾಷೆ ಅದು.

ಆಮೇಲೆ ಲ್ಯಾಬಿನ ಕೆಲಸ ಬಂತು. ರಕ್ತ ಪರೀಕ್ಷೆಯ ಲ್ಯಾಬು. ಕುಮಟೆ, ಹೊನ್ನಾವರ, ಭಟ್ಕಳ ಮೂರೂ ಕಡೆ ರಕ್ತ ತೆಗೆಯುವ ಕೋಣೆ ಇತ್ತು. ರಿಪೋರ್ಟು ಟೆಂಪೋದಲ್ಲಿ ಓಡಾಡುತ್ತಿತ್ತು. ಅದನ್ನು ವೆಬ್‌ಸೈಟಿನಲ್ಲಿ ಹಾಕಿದರೆ ದುಬೈಯಲ್ಲಿದ್ದ ಮಗ ಭಟ್ಕಳದ ಅಪ್ಪನ ಸಕ್ಕರೆ ಎಷ್ಟಿದೆ ಅಂತ ಅಲ್ಲಿಂದಲೇ ನೋಡಬಹುದು. ಪ್ರತಿ ರಿಪೋರ್ಟಿಗೆ ಒಂದು ಪುಟ, ಪುಟದ ವಿಳಾಸದ ಬಾಲದಲ್ಲಿ ಒಂದು ನಂಬರು. ಹೀಗೆ ವಿಳಾಸದ ಬಾಲದಲ್ಲಿ ಬರುವುದಕ್ಕೆ ನಮ್ಮ ಕಸುಬಿನಲ್ಲಿ ಆರ್ಗ್ಯುಮೆಂಟು ಅನ್ನುತ್ತಾರೆ. ಬಂದ ಆರ್ಗ್ಯುಮೆಂಟು ಸರಿಯೋ, ಅದನ್ನು ಕೇಳಲು ಈ ಮನುಷ್ಯನಿಗೆ ಹಕ್ಕಿದೆಯೋ ಅಂತ ಪುಟ ತೋರಿಸುವ ಮೊದಲೇ ಪರೀಕ್ಷೆ ಮಾಡಬೇಕು.

ಪರೀಕ್ಷೆ ಒಂದೇ ನಮೂನೆಯದಲ್ಲ. ತಾರೀಕಿಗೆ ಬೇರೆ, ಊರಿನ ಹೆಸರಿಗೆ ಬೇರೆ, ರಿಪೋರ್ಟ್ ನಂಬರಿಗೆ ಬೇರೆ. ನಾಳೆ ಇನ್ನೊಂದು ಬಂದರೆ ಅದಕ್ಕೂ ಬೇರೆ. ಅಕ್ಕೋರು ವಾರಗಟ್ಟಲೆ ಕೂತು ಇವೆಲ್ಲಕ್ಕೂ ತಳಹದಿಯಾಗುವ ಒಂದು ಪ್ರೋಗ್ರಾಂ, ಬೇಸ್ ಕ್ಲಾಸು, ಬರೆದರು. ತಾಯಿ ಕ್ಲಾಸು ಅನ್ನುತ್ತಿದ್ದೆವು. ಮಿಕ್ಸಿಯ ಮೋಟರು ಒಂದೇ, ಮೇಲೆ ಚಟ್ನಿಗೆ ಒಂದು ಜಾರು, ಹಿಟ್ಟಿಗೆ ಒಂದು ಜಾರು ಕೂರಿಸುವುದಿಲ್ಲವೇ, ಹಾಗೆ. ಒಂದೊಂದು ಪರೀಕ್ಷೆಯೂ ಬೇಕಾದಾಗ ಕೂರಿಸುವ ಪ್ಲಗಿನ್ನು, ತಾಯಿಯ ಮಗು. ತಾಯಿಯ ಹೊಟ್ಟೆಯಲ್ಲಿ ಏನಿತ್ತು ಅಂತ ನೀವು ಊಹಿಸಿರಬಹುದು. ಮೂರು ಪ್ರಶ್ನೆ. ಯಾರು, ಎಂತಕ್ಕೆ, ಯಾರ ಹತ್ರ ಕೇಳಿ. ಉತ್ತರವನ್ನು ಮಕ್ಕಳು ತಮ್ಮ ತಮ್ಮ ರೀತಿಯಲ್ಲಿ ಪರೀಕ್ಷೆ ಮಾಡಬೇಕು.

ಜಗಳ ಹತ್ತಿದ್ದು ಒಂದೇ ಸಾಲಿನ ಮೇಲೆ. ಯಾವುದಾದರೂ ಮಗು ತನ್ನ ಪರೀಕ್ಷೆ ಬರೆದುಕೊಳ್ಳದೆ ಬಂದರೆ ತಾಯಿ ಏನು ಹೇಳಬೇಕು? ಹೌದೋ, ಇಲ್ಲವೋ?

"ಅಂದ್ರೆ ಎಂತ ಅಂದ್ರೆ ಅಕ್ಕೋರೆ," ಎಂದರು ಧನಿ, "ಬಂದ ಗಿರಾಕಿಗೆ ಬಾಗ್ಲು ಹಾಕಿದ್ರೆ ಅವ್ರು ಮತ್ತೆ ಬರೂದಿಲ್ಲ. ಹೌದು ಅಂತಿರ್ಲಿ."

ನಾನೂ ಧನಿಯ ಪಕ್ಷ. ಹೌದು ಅಂತಿದ್ದರೆ ಅರ್ಧ ಮುಗಿದ ಕೆಲಸವೂ ಓಡುತ್ತದೆ, ಮತ್ತು ನನ್ನ ಕೆಲಸ ಯಾವಾಗಲೂ ಅರ್ಧವೇ ಮುಗಿದಿರುತ್ತಿತ್ತು.

ಅಕ್ಕೋರು ವಾದ ಮಾಡಲಿಲ್ಲ. ಮರುದಿನ ಭಾನುವಾರ ನನ್ನ ಸ್ಕೂಟರಿನ ಹಿಂದೆ ಕೂತು ಕಾಯ್ಕಿಣಿಯ ಹತ್ತಿರದ ರೈಲು ಗೇಟಿಗೆ ಕರೆದುಕೊಂಡು ಹೋದರು. ಅವರ ಅಣ್ಣ ಅಲ್ಲಿ ಗೇಟ್‌ಮ್ಯಾನು. ಗೇಟು ಮುಚ್ಚಿತ್ತು. ರೈಲು ಎಲ್ಲೂ ಕಾಣಲಿಲ್ಲ. ನಾನು ಹಾರ್ನು ಹೊಡೆದೆ. ಅಣ್ಣ ಗುಡಿಸಲಿನಂಥ ಕೋಣೆಯಿಂದ ಹೊರಬಂದು, "ಯಾರಾ? ಎಂತಕ್ಕೆ?" ಎಂದರು. ಮನೆತನದ ಗುಣ! ಆಮೇಲೆ ಒಳಗೆ ಹೋಗಿ ಸ್ಟೇಶನ್ನಿಗೆ ಫೋನು ಮಾಡಿ ಕೇಳಿ, ಬಂದು ಗೇಟು ತೆಗೆದರು. ನಾವು ದಾಟಿದ ಕೂಡಲೇ ಮತ್ತೆ ಹಾಕಿದರು.

"ರೈಲಿಲ್ದೆ ಇದ್ರೂ ಎಂತಕ್ಕೆ ಹಾಕಿಡೂದು ಅಣ್ಣಾ?" ಎಂದು ಅಕ್ಕೋರು ಕೇಳಿದರು. ಉತ್ತರ ಗೊತ್ತಿದ್ದೇ ಕೇಳಿದ್ದು, ನನಗೆ ಕೇಳಿಸಲಿ ಅಂತ.

"ಈ ಗೇಟು ಹಾಗೇ. ಹಾಕಿದ್ದೇ ಇದ್ರ ಸಹಜ ಸ್ಥಿತಿ. ಕೇಳ್ದೆ ತೆಗೂದಿಲ್ಲ," ಎಂದರು ಅಣ್ಣ. "ನಾ ನಿದ್ದೆ ಹೋದ್ರೂ, ಸತ್ತೇ ಹೋದ್ರೂ, ಹಾಕಿದ್ದೇ ಇರ್ತದೆ. ತಡ ಆತದೆ, ಹೆಣ ಬೀಳೂದಿಲ್ಲ."

ತಾಯಿ ಕ್ಲಾಸಿನ ಆ ಸಾಲು "ಇಲ್ಲ" ಎಂದೇ ಉಳಿಯಿತು.

ರಿಪೋರ್ಟ್ ನಂಬರಿನ ಮಗು ನನ್ನ ಪಾಲಿಗೆ ಬಂದಿತ್ತು. ರಕ್ತ ಕೊಟ್ಟವರ ಚೀಟಿಯಲ್ಲಿ ನಂಬರಿನ ಜೊತೆ ಅವರೇ ಆರಿಸಿದ ಒಂದು ಗುರುತಿನ ಶಬ್ದ ಇರುತ್ತದೆ. ಎರಡೂ ಹೊಂದಿದರೆ ಪುಟ ತೆರೆಯಬೇಕು. ಕಷ್ಟದ್ದೇನಲ್ಲ. ನಾನು ಬರೆಯುತ್ತಿದ್ದೆ, ಬಿಡುತ್ತಿದ್ದೆ, ಮುರ್ಡೇಶ್ವರದಲ್ಲಿ ಗೆಳೆಯರಿಗೆ ಧನಿಯನ್ನು ಮಾಡಿ ತೋರಿಸಲು ಹೋಗುತ್ತಿದ್ದೆ. ಅಷ್ಟರಲ್ಲಿ ಲ್ಯಾಬಿನವರು ಉದ್ಘಾಟನೆ ಇಟ್ಟರು, ಧನಿ ಒಪ್ಪಿಯೂ ಬಿಟ್ಟರು. ಅಕ್ಕೋರು ಊರಲ್ಲಿರಲಿಲ್ಲ. ಅತ್ತಿಗೆಗೆ ಹುಷಾರಿಲ್ಲ ಅಂತ ಅಣ್ಣನ ಮನೆಗೆ ಹೋಗಿದ್ದರು.

ಉದ್ಘಾಟನೆಯ ಬೆಳಿಗ್ಗೆ ನೋಡುತ್ತೇನೆ, ಯಾವ ರಿಪೋರ್ಟು ಕೇಳಿದರೂ "ಪರವಾನಗಿ ಇಲ್ಲ". ನನ್ನ ಮಗು ಅರ್ಧ, ತಾಯಿ ತನ್ನ ಮಾತಿಗೆ ಬದ್ಧ. ಮಧ್ಯಾಹ್ನ ಲ್ಯಾಬಿನ ಯಜಮಾನರು ನಾಲ್ಕು ಜನರನ್ನು ಕರೆದುಕೊಂಡು ಬರುವವರು. ಧನಿ ಬಾಗಿಲಲ್ಲಿ ನಿಂತು ಬೆವರು ಒರೆಸುತ್ತಿದ್ದರು. ನಾನು ತಾಯಿ ಕ್ಲಾಸಿನ ಒಂದು ನಕಲು ಮಾಡಿ, ಅದರ ಆ ಒಂದು ಸಾಲಿನಲ್ಲಿ "ಇಲ್ಲ" ತೆಗೆದು "ಹೌದು" ಹಾಕಿ ಕುಮಟೆಗೆ ಕಳಿಸಿದೆ. ಒಂದೇ ದಿನಕ್ಕೆ ಅಂತ. ಆಮೇಲೆ ಫೋನು ಎತ್ತಿಕೊಂಡೆ.

"ಹಾಂ, ನಾನೇ. ಹಾಕ್ಬಿಡಿ."

"ಅಕ್ಕೋರೇ, ದನಿ ಸ್ವಲ್ಪ ಕೂತಾಂಗಿದೆ ಮಾರಾಯ್ರೆ?" ಎಂದರು ಮಾಮ.

"ನೆಗಡಿ."

"ಜೀರಿಗೆ ಕಷಾಯ ಕುಡೀರಿ."

"ಅಡ್ಡಿಲ್ಲ" ಎಂದೆ. ಅಕ್ಕೋರು ಅನ್ನುವ ಹಾಗೇ, ಕೊನೆಯ ಅಕ್ಷರ ಸ್ವಲ್ಪ ಮೇಲಕ್ಕೆತ್ತಿ. ಅಷ್ಟು ಚೊಲೋ ನಾನು ಎಂದೂ ಮಾಡಿರಲಿಲ್ಲ.

ಉದ್ಘಾಟನೆ ಜೋರಾಯಿತು. ಹೋಳಿಗೆ ಹಂಚಿದರು. ನಾನು ಎರಡು ತಿಂದೆ.

ಮೂರು ದಿನದ ಮೇಲೆ ಅಕ್ಕೋರು ಬಂದರು. "ನಿನ್ನ ಮಗು ಕೆಲ್ಸ ಮಾಡ್ತದ್ಯಾ?" ಎಂದು ಕೇಳಿ, ಆಫೀಸಿನ ಕಂಪ್ಯೂಟರಿನಲ್ಲಿದ್ದ ಪ್ರತಿಯಲ್ಲಿ ತಪ್ಪು ನಂಬರು ಹಾಕಿ ನೋಡಿದರು. ಅಲ್ಲಿನ ತಾಯಿಯಲ್ಲಿ ಹಳೆಯ "ಇಲ್ಲ" ಹಾಗೇ ಇತ್ತು, ಪರವಾನಗಿ ಇಲ್ಲ ಎಂದಿತು. "ಆತು" ಎಂದರು. ಸರಿಯಾದ ನಂಬರು ಹಾಕಿ ನೋಡಲಿಲ್ಲ, ಕುಮಟೆಯ ಸರ್ವರಿನಲ್ಲಿ ನೋಡಲಿಲ್ಲ. ಅತ್ತಿಗೆಯ ಆರೈಕೆ ಮಾಡಿ ಕಣ್ಣು ಕೆಂಪಾಗಿದ್ದವು. ಅವರು ನನ್ನನ್ನು ಪೂರ್ತಿ ಪರೀಕ್ಷೆ ಮಾಡದೆ ಬಿಟ್ಟದ್ದು ಅದೊಂದೇ ಸಲ. ನಾಳೆ ಸರಿಮಾಡುತ್ತೇನೆ ಅಂದುಕೊಂಡೆ. ಹನ್ನೊಂದು ದಿನ ನಾಳೆ ಅಂದುಕೊಂಡೆ.

ಈಗ ಹೇಳಬೇಕಾದ್ದು ನಮ್ಮ ಊರುಗಳ ವಿಷಯ. ದೊಡ್ಡ ಪಟ್ಟಣದಲ್ಲಾದರೆ ನಿಮ್ಮ ನಂಬರಿಗಿಂತ ಒಂದು ಕಡಿಮೆ ನಂಬರಿನವರು ಯಾರೋ ಅಪರಿಚಿತರು. ಭಟ್ಕಳದ ರಕ್ತ ತೆಗೆಯುವ ಕೋಣೆಯಲ್ಲಿ ಒಂದು ಕಡಿಮೆ ನಂಬರಿನವರೆಂದರೆ ನಿಮ್ಮ ಮುಂದೆ ನಿಂತಿದ್ದವರು. ಅವರ ಮನೆ ಯಾವುದು, ಮದುವೆ ಎಲ್ಲಿ ನಿಶ್ಚಯ ಆಗಿದೆ, ಎಲ್ಲ ನಿಮಗೆ ಗೊತ್ತು. ಈ ಸಣ್ಣ ವಿಷಯ ಇಷ್ಟು ಬುದ್ಧಿವಂತರಾದ ನಮಗೆ ಹೊಳೆದೇ ಇರಲಿಲ್ಲ. ನಂಬರನ್ನು ಒಂದರ ಮೇಲೆ ಒಂದು ಸಾಲಾಗಿ ಕೊಟ್ಟಿದ್ದೆವು.

ಭಟ್ಕಳದ ಹತ್ತಿರದ ಹೆಬಳೆಯ ಒಂದು ಹುಡುಗಿ ಸಾಲಿನಲ್ಲಿ ನಿಂತಿದ್ದಳು. ಅವಳಿಗೆ ಮದುವೆ ನಿಶ್ಚಯ ಆಗಿತ್ತು. ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸು ಗಂಡಿನ ಸೋದರತ್ತೆ ಅಂತ ಅವಳಿಗೆ ಗೊತ್ತಿರಲಿಲ್ಲ. ಆಕೆಗೆ ಇವಳ ಗುರುತಿತ್ತು. ಮನೆಗೆ ಹೋದ ಮೇಲೆ ಆಕೆಯ ಮಗ ಸೈಬರ್ ಸೆಂಟರಿನಲ್ಲಿ ಕೂತು ಅಮ್ಮನ ರಿಪೋರ್ಟು ನೋಡಿದ. ಆಮೇಲೆ ವಿಳಾಸದ ಬಾಲದಲ್ಲಿ ಒಂದು ನಂಬರು ಕಡಿಮೆ ಮಾಡಿದ. ನಮ್ಮ ತಾಯಿ ಹೌದು ಎಂದಳು. ಹುಡುಗಿಗೆ ಸಕ್ಕರೆ ಕಾಯಿಲೆ ಅಂತ ಅವಳ ಮನೆಗೆ ಗೊತ್ತಾಗುವ ಮೊದಲೇ ಗಂಡಿನ ಮನೆಗೆ ಗೊತ್ತಾಯಿತು. ಮದುವೆ ಮುರಿಯಿತು.

ಹುಡುಗಿಯ ಅಪ್ಪ ಹೊನ್ನಾವರಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಪ್ರಿಂಟು. ಗಂಡಿನ ಕಡೆಯವರು ಅದನ್ನು ತೋರಿಸಿಯೇ ಬೇಡ ಅಂದದ್ದಂತೆ. ಅವರು ಕೂಗಲಿಲ್ಲ. ಕೂಗಿದ್ದರೆ ಆಮೇಲೆ ಅವರನ್ನೂ ಅಣಕಿಸಿ ಹಗುರಾಗುತ್ತಿದ್ದೆನೋ ಏನೋ.

"ಬೆಂಚಿನ ಮೇಲೆ ಒಂದೇ ಜಾಗ ಇತ್ತಂತೆ," ಎಂದರು. "ನನ್ನ ಮಗಳು ಎದ್ದು ಆ ಹೆಂಗ್ಸಿಗೆ ಕೊಟ್ಲಂತೆ. ಅದೇ ಮನೆಯೋರು ಹೀಗೆ ಮಾಡಿದ್ರು. ಅವ್ರಿಗೆ ಇದನ್ನ ತೋರ್ಸಿದ್ದು ಯಾರು? ಅದೊಂದು ಹೇಳಿ, ನಾ ಹೋಗ್ತೆ."

ಧನಿ ಕುಮಟೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರು ಒತ್ತಿದರು. ಮಾಮ ಗಾಬರಿಯಾಗಿ ಹೇಳಿದರು: "ಅಕ್ಕೋರೇ ಫೋನು ಮಾಡಿ ಹಾಕಿ ಅಂದ್ರು. ದೇವ್ರಾಣೆ ಅವ್ರದೇ ದನಿ. ಕಷಾಯ ಕುಡೀರಿ ಅಂತ ಹೇಳಿದ್ದೂ ನೆನಪುಂಟು."

ಅಕ್ಕೋರು ನನ್ನ ಕಡೆ ನೋಡಿದರು. ನಾನು ಕೀಬೋರ್ಡು ನೋಡಿದೆ. ಪೆನ್ನಿನ ಮುಚ್ಚಳ ಟಕ್ ಅಂತ ಒಂದು ಸಲ ಕುಟ್ಟಿತು. ಎರಡನೆಯದಕ್ಕೆ ಕಾದೆ, ಬರಲಿಲ್ಲ.

"ಹೌದು," ಎಂದರು. "ದನಿ ನಂದೇ."

ಆ ಅಪ್ಪ "ನೀವೂ ಒಂದು ಹೆಂಗಸು" ಎಂದಷ್ಟೇ ಹೇಳಿ ಪ್ರಿಂಟನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು ಮೆಟ್ಟಿಲು ಇಳಿದರು.

ಅಕ್ಕೋರು ಅದೇ ವಾರ ಕೆಲಸ ಬಿಟ್ಟರು. ಹೋಗುವ ಮೊದಲು ತಾಯಿ ಕ್ಲಾಸು ಸರಿಮಾಡಿದರು, ನನ್ನ ಮಗುವನ್ನು ತಾವೇ ಬರೆದು ಮುಗಿಸಿದರು, ರಿಪೋರ್ಟಿನ ನಂಬರುಗಳು ಸಾಲಾಗಿ ಬರದ ಹಾಗೆ ಮಾಡಿದರು. ಅಷ್ಟು ದಿನವೂ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಒಂದು ಮಾತು ಬೈಯಲಿಲ್ಲ. ಹದಿನೆಂಟು ದನಿ ಬರುತ್ತಿದ್ದವನ ಬಾಯಲ್ಲಿ ಆ ವಾರ ಒಂದೂ ಬರಲಿಲ್ಲ. ಆಮೇಲೆ ಅವರು ಕಾಯ್ಕಿಣಿಯಲ್ಲಿ ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತಿದ್ದಾರೆಂದು ಕೇಳಿದೆ. ಭಟ್ಕಳದ ಕಡೆಯವರು ಯಾರೂ ಅವರಿಗೆ ಮತ್ತೆ ಕಂಪ್ಯೂಟರಿನ ಕೆಲಸ ಕೊಡಲಿಲ್ಲ. ಒಂದು ಸಲ ನಾನು ಹೆಬಳೆಗೆ ಹೊರಟೆ, ಆ ಅಪ್ಪನಿಗೆ ನಿಜ ಹೇಳೋಣ ಅಂತ. ಮನೆ ಎಲ್ಲಿ ಅಂತ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವ ತೋರಿಸಿದ. ಅಲ್ಲೇ ಒಂದು ಸೋಡಾ ಕುಡಿದು, ಅಂಗಡಿಯವನಿಗೆ ಟೆಂಪೋ ಕಂಡಕ್ಟರನ್ನು ಮಾಡಿ ತೋರಿಸಿ ನಗಿಸಿ, ಬಂದ ದಾರಿಯಲ್ಲೇ ತಿರುಗಿದೆ. ಹೇಳಿದೆನಲ್ಲ, ರೋಗ.

ತೀರಿಕೊಂಡ ಸುದ್ದಿ ನನಗೆ ತಲುಪುವಾಗ ಎಲ್ಲ ಮುಗಿದಿತ್ತು. ಎಂಟು ದಿನ ಜ್ವರ ಬಂದಿತ್ತಂತೆ. ಮೊನ್ನೆ ಸ್ಕೂಟರು ತೆಗೆದುಕೊಂಡು ಗೇಟಿಗೆ ಹೋದೆ. ಗೇಟು ಹಾಕಿತ್ತು.

"ಯಾರಾ? ಎಂತಕ್ಕೆ?"

ಹೆಸರು ಹೇಳಿದೆ. ಅಣ್ಣ ಒಳಗೆ ಕರೆದು ಸ್ಟೂಲು ಕೊಟ್ಟರು. ಅಷ್ಟರಲ್ಲಿ ಸ್ಟೇಶನ್ನಿನಿಂದ ಫೋನು. ಅತ್ತಲಿಂದ ಒಂದು ನಂಬರು ಹೇಳಿದರು. ಅಣ್ಣ ಬರೆದುಕೊಂಡರು. ತಮ್ಮ ಹತ್ತಿರದ ಹಾಳೆಯಿಂದ ಒಂದು ನಂಬರು ಹೇಳಿ, ಅದನ್ನು ಅಲ್ಲೇ ಹೊಡೆದು ಹಾಕಿದರು.

"ಸ್ಟೇಶನ್ ಮಾಸ್ತರ ದನಿ ನಂಗೆ ವರ್ಷಗಟ್ಲೆಯಿಂದ ಗೊತ್ತು," ಎಂದರು. "ಆದ್ರೂ ಇಲ್ಲಿ ದನಿ ನಂಬೂದಿಲ್ಲ. ನಂಬರು ಹೇಳೇ ಹೇಳ್ಬೇಕು. ಒಂದ್ಸಲ ಹೇಳಿದ್ದು ಮತ್ತೆ ನಡೂದಿಲ್ಲ. ನನ್ ತಂಗಿ ಇದೆಲ್ಲ ನೋಡ್ಕಂಡೇ ಹೋದವ್ಳು. ಮಶಿನಿಗೆ ಎಷ್ಟೆಲ್ಲ ಕಟ್ಟುಕಟ್ಲೆ ಮಾಡಿದ್ಲು, ಕುಮಟೆಯವ್ರಿಗೆ ಮಾತ್ರ ದನಿ ಕೇಳಿದ್ರೆ ಸಾಕು ಅಂತ ಬಿಟ್ಲು."

"ಅಣ್ಣಾ, ಆ ದಿನ ಫೋನು ಮಾಡಿದ್ದು ನಾನು."

"ಗೊತ್ತುಂಟು. ಹೇಳಿದ್ಲು. 'ಊಟದ ಹೊತ್ತಲ್ಲಿ ಒಂದ್ಸಲ ನಾನೇ ಅವನ ಕೈಲಿ ಮಾಡ್ಸಿ ನಕ್ಕಿದ್ದೆ ಅಣ್ಣಾ, ಬಾಗ್ಲು ತೆಗ್ದವ್ಳು ನಾನೇ' ಅಂದ್ಲು."

ರೈಲು ಹೋಯಿತು. ಗೋಡೆಯ ಮೇಲಿನ ಲಾಟೀನು ಅಲುಗಾಡಿ ನಿಂತಿತು. ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು.

"ಅವ್ಳ ದನಿ ನಂಗೆ ಈಗ್ಲೇ ಮರ್ತಾಂಗೆ ಆತದೆ. ಒಂದ್ಸಲ ಮಾಡಾ."

ಬೇಡ ಅಂದೆ. ಮತ್ತೊಮ್ಮೆ ಕೇಳಿದರು. ಎರಡು ವರ್ಷದ ಮೇಲೆ ಆ ದನಿಗೆ ಬಾಯಿ ತೆರೆದೆ. ಅರ್ಧ ಮೂಗು, ಅರ್ಧ ಗಂಟಲು.

"ಯಾರಾ ಅದು?"

ಅಣ್ಣ ನೆಟ್ಟಗೆ ಕೂತರು. "ನಾನೇ, ತಂಗಿ."

"ಎಂತಕ್ಕೆ ಬಂದೆ?"

"ಸುಮ್ನೆ. ಮಾತಾಡ್ಸುಕೆ."

"ಯಾರ ಹತ್ರ..."

ದನಿ ಅಲ್ಲಿ ಒಡೆಯಿತು. ಉಳಿದರ್ಧ ಬಂದದ್ದು ನನ್ನದೇ ದನಿಯಲ್ಲಿ. ಅದು ಇಷ್ಟು ಸಪೂರ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಅಣ್ಣ ಎದ್ದು ಫೋನು ಮಾಡಿದರು, ನಂಬರು ಕೇಳಿದರು, ಬರೆದುಕೊಂಡರು, ಹೊರಗೆ ಹೋಗಿ ಗೇಟು ಎತ್ತಿದರು. ನಾನು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಲು ಗೇಟೇ ಬೇಕಿರಲಿಲ್ಲ. ಅವರು ಎತ್ತಿದ್ದು ನಾನು ಹಳಿ ದಾಟಿ ಭಟ್ಕಳದ ಕಡೆಗೆ ಹೋಗುವುದಕ್ಕೆ.

"ಹೆಬಳೆಯಲ್ಲಿ ಇವತ್ತಿಗೂ ನನ್ ತಂಗಿ ಹೆಸ್ರೇ ಹೇಳ್ತ್ರು," ಎಂದರು. "ಹೋಗ್ ಬಾ."

ಈ ಸಲ ಅಂಗಡಿಯ ಹತ್ತಿರ ನಿಲ್ಲಲಿಲ್ಲ. ಮನೆಯ ಮುಂದೆ ಸ್ಕೂಟರು ನಿಲ್ಲಿಸಿ, ಚಪ್ಪಲಿ ಬಿಟ್ಟು, ಬಾಗಿಲ ಹತ್ತಿರ ಹೋದೆ. ಬಾಗಿಲು ಹಾಕಿತ್ತು. ತಟ್ಟಿದೆ. ಒಳಗಿನಿಂದ ಒಂದು ಹೆಣ್ಣುದನಿ, ಎಳೆಯದು, ಕೇಳಿತು:

"ಯಾರು?"

ನನ್ನ ಹೆಸರು ಹೇಳಿದೆ. ಎರಡನೆಯ ಪ್ರಶ್ನೆಗೆ ಕಾಯುತ್ತ ನಿಂತೆ.